ಬೆಳ್ಳಿ ಬಣ್ಣದ ಸೇತುವೆ

ಗುಂಡ್ಲುಪೇಟೆಯ ನಮ್ಮ ಬೀದಿಗೆ ಈರುಳ್ಳಿ ವಾಸನೆ ಬಾರದ ದಿನವೇ ಇರದಿದ್ದ ಕಾಲ ಅದು. ಮಂಡಿಯಲ್ಲಿ ಮೂಟೆ ಹೇರಿಕೊಂಡ ಲಾರಿಗಳು ಕೇರಳದ ಕಡೆ ಹೊರಡುವ ಮುನ್ನ ಬೀದಿಯ ತುದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬೆಳೆದವರಿಗೆ ಆಟದ ಸಾಮಾನು ಅಂದರೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಚೌಕಾಬಾರಕ್ಕೆ ಹುಣಸೆ ಬೀಜ, ಕುಂಟೆಬಿಲ್ಲೆಗೆ ಹೆಂಚಿನ ಚೂರು, ಓಡಿಸುವುದಕ್ಕೆ ಹಳೇ ಟೈರು. ನನಗೂ ನನ್ನ ಅಕ್ಕ ಮಂಜುಳಾಗೂ ಇವೆಲ್ಲ ಇದ್ದವು. ಒಂದು ವರ್ಷದ ಮಟ್ಟಿಗೆ ಇನ್ನೊಂದೂ ಇತ್ತು. ಅದು ಹೇಗೆ ಹೋಯಿತು ಎಂಬುದನ್ನು ನಾನು ಕಂಡಷ್ಟು ಮಾತ್ರ ಬರೆಯುತ್ತೇನೆ.

ಪಕ್ಕದ ಮಲಯಾಳಿಗಳ ಮನೆಯಲ್ಲಿ ಸಜಿತಾ ಇದ್ದಳು. ನನ್ನದೇ ಕ್ಲಾಸು. ನನ್ನ ಅಕ್ಕನನ್ನು ಅವಳು ತನ್ನ ಭಾಷೆಯಲ್ಲಿ ಚೇಚಿ ಎಂದು ಕರೆಯುತ್ತಿದ್ದಳು. ಅವಳ ಅಪ್ಪ ಊಟಿ ರಸ್ತೆಯಲ್ಲಿ ಬೇಕರಿ ಇಟ್ಟಿದ್ದರು. ದುಬೈನಲ್ಲಿದ್ದ ಅವಳ ಸೋದರಮಾವ ರಜೆಗೆ ಬಂದಾಗ ಪ್ಲಾಸ್ಟಿಕ್ ಇಟ್ಟಿಗೆಗಳ ಒಂದು ಪೆಟ್ಟಿಗೆ ತಂದುಕೊಟ್ಟಿದ್ದರು. ಕೆಂಪು, ಹಳದಿ, ನೀಲಿ, ಬೂದು. ಪ್ರತಿ ಇಟ್ಟಿಗೆಯ ಬೆನ್ನ ಮೇಲೂ ಸಣ್ಣ ಗುಂಡು ಮೊಳೆಗಳಂಥವು, ಹೊಟ್ಟೆಯಲ್ಲಿ ಅವು ಹೋಗಿ ಕೂರುವ ಜಾಗ. ಒಂದರ ಮೇಲೊಂದಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತಿದ್ದವು. ನಾವು ಅವಕ್ಕೆ ಕಚ್ಚಿಟ್ಟಿಗೆ ಎಂದೇ ಹೆಸರಿಟ್ಟೆವು. ರಟ್ಟಿನ ಪೆಟ್ಟಿಗೆ ಬೇಗ ಹರಿದುಹೋಯಿತು. ಸಜಿತಾ ಇಟ್ಟಿಗೆಗಳನ್ನು ಬೇಕರಿಯ ರಸ್ಕ್ ಡಬ್ಬಕ್ಕೆ ತುಂಬಿದಳು. ಇವತ್ತಿಗೂ ರಸ್ಕಿನ ವಾಸನೆ ಬಂದರೆ ನನ್ನ ಬೆರಳ ತುದಿಗೆ ಆ ಟಕ್ ಕೇಳಿಸುತ್ತದೆ.

ಪೆಟ್ಟಿಗೆಯ ಮೇಲಿದ್ದ ಕೋಟೆಯ ಚಿತ್ರ ನೋಡಿಕೊಂಡು ಅಕ್ಕ ಮೊದಲು ಕೋಟೆಯನ್ನೇ ಕಟ್ಟಿದಳು. ಕಟ್ಟಿ ಮುಗಿಸಿ, ಬಹಳ ಹೊತ್ತು ನೋಡಿ, ಕೇಳಿದಳು: "ಸಜೀ, ಚಿತ್ರ ತೆಗ್ಯಕ್ಕೂ ಮೊದ್ಲು ಇದ್ನ ಯಾರೋ ಕಟ್ಟಿರ್ಬೇಕಲ್ವಾ?"

"ಅದಕ್ಕೇ ಜನ ಇದಾರೆ ಚೇಚೀ. ದೊಡ್ಡೋರು. ದಿನಾ ಆಫೀಸಿಗೆ ಹೋಗಿ ಇದನ್ನೇ ಕಟ್ಟೋದಂತೆ. ಮಾಮನ್ ಹೇಳಿದ್ರು."

"ದೊಡ್ಡೋರಾ? ಯಾರೂ ಬಯ್ಯಲ್ವಾ?"

"ಯಾಕ್ ಬಯ್ತಾರೆ? ಕೆಲಸ ಅಲ್ವಾ?"

ಅದಾದ ಮೇಲೆ ಓದಿ ಏನಾಗ್ತೀಯಾ ಎಂದು ಯಾರು ಕೇಳಿದರೂ "ಇಟ್ಟಿಗೆ ಕೆಲ್ಸ" ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದರು. "ಕೇಳಿಸ್ಕೊಂಡ್ಯಾ? ನಿನ್ ಮಗಳು ಗಾರೆ ಕೆಲ್ಸಕ್ಕ ಓಯ್ತಳಂತೆ" ಎಂದು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೂಗಿ ಹೇಳುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಆ ಕಾಣದ ಜನರನ್ನು ಅವಳು ತನ್ನವರೆಂದು ತಿಳಿದಿದ್ದಳು. ಕೋಟೆಯ ಬಾಗಿಲು ಮೇಲಕ್ಕೆ ಏಳುವ ರೀತಿಯನ್ನು ನನಗೆ ತೋರಿಸಿ, "ಇಲ್ ನೋಡಮ್ಮಿ, ಈ ಒಂದ್ ಸಣ್ಣಿಟ್ಟಿಗೆ ಇಲ್ಲದಿದ್ರ ಬಾಗ್ಲೇ ಏಳಲ್ಲ. ಎಷ್ಟ್ ಸಲ ಕಿತ್ತು ಕಟ್ಟವ್ರೊ ಪುಣ್ಯಾತ್ಮರು" ಎನ್ನುತ್ತಿದ್ದಳು.

ಪೆಟ್ಟಿಗೆಯ ಜೊತೆ ಪುಟ್ಟ ಪ್ಲಾಸ್ಟಿಕ್ ಮನುಷ್ಯರೂ ಬಂದಿದ್ದರು. ಒಬ್ಬನ ಎಡಗೈ ಕಳೆದುಹೋಗಿತ್ತು. ಅಕ್ಕ ಅವನಿಗೆ ಒಂಟಿಗೈ ಎಂದು ಹೆಸರಿಟ್ಟು ತನ್ನ ಕಥೆಯ ನಾಯಕನನ್ನಾಗಿ ಮಾಡಿದಳು. ಒಂಟಿಗೈ ಈರುಳ್ಳಿ ಲಾರಿಯ ಡ್ರೈವರು. ಬಂಡೀಪುರದ ಕಾಡು ದಾಟಿ ಲೋಡು ಇಳಿಸಿ ಮನೆಗೆ ವಾಪಸು ಬರಬೇಕು. ಸಂಜೆ ಸ್ಕೂಲು ಬಿಟ್ಟು ಬಂದು, ಅವರೆಕಾಳಿನ ಉಸಲಿಯನ್ನೋ ಸಜಿತಾ ತಂದ ಬನ್ನನ್ನೋ ತಿನ್ನುತ್ತಾ ನಾವು ಕಥೆ ಮುಂದುವರಿಸುತ್ತಿದ್ದೆವು. ಇಟ್ಟಿಗೆ ಇದ್ದದ್ದು ಸ್ವಲ್ಪವೇ. ನಿನ್ನೆಯ ಚೆಕ್‌ಪೋಸ್ಟನ್ನು ಕಿತ್ತರೆ ಮಾತ್ರ ಇವತ್ತಿನ ಆನೆ. ಆನೆಯನ್ನು ಕಿತ್ತರೆ ನಾಳೆಯ ಡಾಬಾ. ಆನೆ ಬಹಳ ಚೆನ್ನಾಗಿ ಬಂದಿತ್ತು, ಸೊಂಡಿಲು ಮಡಚುತ್ತಿತ್ತು. ಅದನ್ನು ಕೀಳಬೇಡ ಎಂದು ನಾನು ಅತ್ತಾಗ ಅಕ್ಕ ಗದರಿದಳು: "ಕೀಳ್ದೆ ಇಟ್ಕಂಡ್ರ ಕಥೆ ನಿಂತೋಯ್ತದ ಕಣಮ್ಮಿ."

ದಸರಾ ಹತ್ತಿರ ಬಂದಾಗ ಸಜಿತಾಳ ಮನೆಯವರು ಬೇಕರಿ ಮುಚ್ಚಿ, ಊರು ಬಿಟ್ಟು ಕೇರಳದ ಬತ್ತೇರಿಗೆ ಹೊರಟರು. ಸಜಿತಾ ರಸ್ಕ್ ಡಬ್ಬವನ್ನು ತಂದು ಅಕ್ಕನ ಮಡಿಲಿಗಿಟ್ಟಳು. "ಬೇಸಿಗೆ ರಜಕ್ಕೆ ಬರ್ತೀನಿ ಚೇಚೀ. ಒಂಟಿಗೈ ಮನೆ ಸೇರಿರ್ಬೇಕು. ಹೇಗೆ ಸೇರ್ದ ಅಂತ ನಂಗೆ ಪೂರ್ತಿ ಹೇಳ್ಬೇಕು."

"ಸೇರಸ್ತೀನಿ," ಎಂದಳು ಅಕ್ಕ.

ಕಥೆಯ ಕೊನೆಗೆಂದು ಅವಳು ಸೇತುವೆ ಕಟ್ಟಿದಳು. ಡಬ್ಬದಲ್ಲಿದ್ದ ಇಟ್ಟಿಗೆಗಳೆಲ್ಲ ಅದಕ್ಕೇ ಆಗಿಹೋದವು. ಕೆಳಗೆ ಕಮಾನು, ಮೇಲೆ ತಡೆಗೋಡೆ, ನಡುವೆ ಎತ್ತಿ ಇಳಿಸುವ ಹಲಗೆ. ಒಂಟಿಗೈಯನ್ನು ನಡುಮಧ್ಯದಲ್ಲಿ ನಿಲ್ಲಿಸಿದಳು.

"ಆ ಕಡೆ ಏನದ?" ಎಂದು ಕೇಳಿದೆ.

"ಇದ್ನ ಕಿತ್ತು ಆ ಕಡೇದು ಕಟ್ಟಬೇಕು. ಆಗ ನೋಡುವಂತೆ."

ಅಮ್ಮ ಸೇತುವೆಯನ್ನು ನೋಡಿ ಮೆಚ್ಚಿದರು. ಗೊಂಬೆ ಕೂರಿಸುವಾಗ ಇದನ್ನೂ ಇಡೋಣ ಎಂದರು. ಹಬ್ಬ ಮುಗಿದ ಮಾರನೇ ದಿನವೇ ವಾಪಸು ಕೊಡಬೇಕು ಎಂದಳು ಅಕ್ಕ. "ಕೊಡ್ತೀನಿ ಕಣೆ, ನಿನ್ ಇಟ್ಟಿಗೆ ನಾನೇನ್ ಸಾರಿಗ್ ಆಕ್ಕಂಡೀನಾ?" ಎಂದು ಅಮ್ಮ ನಕ್ಕರು. ಈ ಮಾತು ನಡೆದಾಗ ನಾನು ಬಾಗಿಲ ಬಳಿಯೇ ಇದ್ದೆ. ಅಕ್ಕ ಕೊಟ್ಟದ್ದು ಅಷ್ಟು ದಿನಕ್ಕೆ ಮಾತ್ರ, ಮತ್ತು ಅಮ್ಮ ಒಪ್ಪಿದ್ದರು.

ಗೊಂಬೆ ಕೂರಿಸುವ ಮನೆಯವರಿಗೆ ಗೊತ್ತಿರುತ್ತದೆ. ವರ್ಷವಿಡೀ ಪೆಟ್ಟಿಗೆಯಲ್ಲಿ ಮಲಗಿದ ಮಣ್ಣಿನ ಗೊಂಬೆಗಳಿಗೆ ಹಬ್ಬಕ್ಕೆ ಮುಂಚೆ ಬಣ್ಣ ತೀಡಬೇಕು. ಮೂಗೋ ಬೆರಳೋ ಮುರಿದಿದ್ದರೆ ಸರಿ ಮಾಡಬೇಕು, ಭಿನ್ನವಾದ ಗೊಂಬೆಯನ್ನು ಮೆಟ್ಟಿಲ ಮೇಲೆ ಇಡಬಾರದು. ನಮ್ಮ ಮನೆಯಲ್ಲಿ ಈ ಕೆಲಸ ಹರದನಹಳ್ಳಿಯ ನಂಜುಂಡ ಮಾವನದು. ಅಮ್ಮನ ತಮ್ಮ. ಪ್ರತಿ ವರ್ಷ ಹೊಲದ ಕೆಲಸ ಬಿಟ್ಟು, ಬಣ್ಣದ ಸಣ್ಣ ಡಬ್ಬಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿಗೆ ಬರುತ್ತಿದ್ದ. ನಮಗೆ ಕಡ್ಲೆಪುರಿ ತರುತ್ತಿದ್ದ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಇದರಿಂದ ನನ್ನ ಸಿಟ್ಟು ಕಡಿಮೆಯಾಗುವುದಿಲ್ಲ.

ಅವತ್ತು ಸ್ಕೂಲಿನಿಂದ ಬಂದಾಗ ಬೀದಿಯಲ್ಲೇ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಪಡಸಾಲೆಯಲ್ಲಿ ಹಳೇ ಪೇಪರು ಹಾಸಿ ಗೊಂಬೆಗಳನ್ನು ಒಣಗಲು ಇಟ್ಟಿದ್ದರು. ಪಟ್ಟದ ಗೊಂಬೆ, ಶೆಟ್ಟಿ, ಶೆಟ್ಟಿಯ ಹೆಂಡತಿ. ಕೊನೆಯಲ್ಲಿ ಸೇತುವೆ. ಗೇಟಿಗೆ ಬಳಿಯುವ ಬೆಳ್ಳಿ ಬಣ್ಣ ಅದಕ್ಕೆಲ್ಲ ಮೆತ್ತಿತ್ತು. ತಡೆಗೋಡೆಗೆ ಕೆಂಪು, ಕಮಾನಿನ ಅಂಚಿಗೆ ಚಿನ್ನದ ಗೆರೆ. ಬಣ್ಣ ಒಳಗಿಳಿದು, ಇಟ್ಟಿಗೆ ಇಟ್ಟಿಗೆ ಕೂಡುವ ಸಂದು ಒಂದೂ ಕಾಣುತ್ತಿರಲಿಲ್ಲ. ಒಂಟಿಗೈಯ ಮುಖ ಬೆಳ್ಳಿಯಾಗಿತ್ತು, ಅದರ ಮೇಲೆ ಹೊಸ ಕಣ್ಣು, ಹುರಿ ಮೀಸೆ, ಹಣೆಗೆ ವಿಭೂತಿ. ಕಳೆದುಹೋಗಿದ್ದ ಎಡಗೈಯ ಜಾಗದಲ್ಲಿ ಜೇಡಿಮಣ್ಣಿನ ಕೈ.

"ಎಂಗದ ಕಣಮ್ಮಿ?" ಎಂದ ಮಾವ. "ಬಣ್ಣಬಣ್ಣ ತ್ಯಾಪೆ ಆಕ್ದಂಗಿತ್ತು. ನಾನು ಒಂದೇ ಮಾಡ್ಬುಟ್ಟಿ. ಪಾಪ, ಕೈ ಬ್ಯಾರೆ ಮುರ್ದೋಗಿತ್ತು ಅವಂಗ. ಅದ್ನೂ ಕೂರಿಸ್ಬುಟ್ಟಿ ನೋಡು."

ಅಕ್ಕ ಚೀಲ ಹೆಗಲಿನಿಂದ ಇಳಿಸಲಿಲ್ಲ. ಬಗ್ಗಿ ತಡೆಗೋಡೆಯ ಒಂದು ಇಟ್ಟಿಗೆಯನ್ನು ಹಿಡಿದು ಮೇಲಕ್ಕೆಳೆದಳು. ಬರಲಿಲ್ಲ. ಇನ್ನೊಂದನ್ನು ಎಳೆದಳು. ಬೆರಳಿಗೆ ಬೆಳ್ಳಿ ಅಂಟಿತು.

"ಅಯ್, ಅಸಿ ಅದ ಕಣವ್ವ, ಮುಟ್ಬ್ಯಾಡ!"

"ಯಾರ್ ಕೇಳಿದ್ರು ನಿಮ್ಮನ್ನ?" ಎಂದಳು ಅಕ್ಕ.

ಅಮ್ಮ ಒಳಗಿನಿಂದ ಬಂದು ಅವಳ ಕೆನ್ನೆಗೆ ಬಾರಿಸಿದರು. "ಬೆಳಗ್ಗಿಂದ ಕೂಳಿಲ್ದೆ ಕೂತು ಮಾಡವ್ನೆ, ಅವನ್ಗೇ ಎದ್ರು ಮಾತಾಡ್ತೀಯಾ? ಕಾಲಿಗ್ ಬೀಳು." ಅಕ್ಕ ಕಾಲಿಗೆ ಬಿದ್ದಳು. ಮಾವ ಗಾಬರಿಯಿಂದ, "ಬುಡಕ್ಕ, ಮಗ ಅದು" ಎನ್ನುತ್ತಾ ಕಡ್ಲೆಪುರಿಯ ಪೊಟ್ಟಣ ತೆಗೆದುಕೊಟ್ಟ. ಅಕ್ಕ ಅದನ್ನು ನನ್ನ ಕೈಗೆ ಕೊಟ್ಟಳು. ನಾನು ತಿನ್ನಲಿಲ್ಲ.

ಹಬ್ಬದಲ್ಲಿ ಸೇತುವೆ ಮೆಟ್ಟಿಲ ನಡುವೆಯೇ ಕೂತಿತು. "ಗೊಂಬೆ ಕೂರ್ಸಿದೀರಾ?" ಎಂದು ಕೇಳುತ್ತಾ ಬೀದಿಯ ಮಕ್ಕಳು ಚರಪಿಗೆ ಬಂದರು. ಅವರ ಕೈಗೆ ಹುರಿಗಡಲೆ, ಕೊಬ್ಬರಿ, ಸಕ್ಕರೆ ಹಾಕಿಕೊಡುವ ಕೆಲಸ ಅಕ್ಕನದು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಸೇತುವೆಯನ್ನು ಹೊಗಳಿದರು. "ನಮ್ ಮಂಜಿ ಕಟ್ಟಿದ್ದು, ನನ್ ತಮ್ಮ ಬಣ್ಣ ಹೊಡ್ದ" ಎಂದು ಅಮ್ಮ ಎಲ್ಲರಿಗೂ ಹೇಳಿದರು. ಪ್ರತಿ ಸಲವೂ ಅಕ್ಕ ತಲೆ ಎತ್ತದೆ ಮುಂದಿನ ಮಗುವಿಗೆ ಚರಪು ಹಾಕಿದಳು.

ವಿಜಯದಶಮಿಯ ಮಾರನೇ ದಿನ ಅಕ್ಕ ಹಿತ್ತಿಲಲ್ಲಿ, ಮಾವ ಬಿಟ್ಟುಹೋಗಿದ್ದ ತಿನ್ನರನ್ನು ಸೇತುವೆಯ ಮೇಲೆ ಸುರಿದು ಒರೆಸಿದಳು. ಬಣ್ಣ ಬಿಟ್ಟಿತು. ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗಿ, ಇಟ್ಟಿಗೆಗಳು ಒಂದರೊಳಗೊಂದು ಅಂಟಿಕೊಂಡವು. ಒಂದು ಮೂಲೆಯಲ್ಲಿ ಮಾತ್ರ ಹಾಗೆ. ಅವಳು ಅಲ್ಲಿಗೇ ನಿಲ್ಲಿಸಿದಳು. ಅಮ್ಮ ನೋಡಿ, "ಅಷ್ಟ್ ಚೆಂದಿದ್ದುದ್ನ ಆಳ್ಮಾಡ್ತಾಳೆ! ಬರೀ ಪ್ಲಾಸ್ಟಿಕ್ಕಿಗ ಏನ್ ರಂಪ ಇವಳ್ದು!" ಎಂದು ಸೇತುವೆಯನ್ನು ಕಿತ್ತುಕೊಂಡು ಗೊಂಬೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಬರೀ ಪ್ಲಾಸ್ಟಿಕ್ಕಾದರೆ ಬೀಗ ಏಕೆ? ಆಗ ನನಗೆ ಕೇಳಲು ಬಾಯಿ ಬರಲಿಲ್ಲ. ಈಗ ಕೇಳುತ್ತಿದ್ದೇನೆ.

ಬೇಸಿಗೆ ರಜೆಗೆ ಸಜಿತಾ ಬಂದಳು. ಚಪ್ಪಲಿಯನ್ನೂ ಬಿಡದೆ ಕೇಳಿದಳು: "ಚೇಚೀ, ಒಂಟಿಗೈ ಮನೆ ಸೇರಿದ್ನಾ?"

"ಇಲ್ಲ. ಅವ್ನೀಗ ಒಂಟಿಗೈ ಅಲ್ಲ" ಎಂದು ಅಕ್ಕ ಎದ್ದು ನೀರು ತರಲು ಹೋದಳು.

ಖಾಲಿ ರಸ್ಕ್ ಡಬ್ಬದಲ್ಲಿ ಅಮ್ಮ ಒಣಮೆಣಸಿನಕಾಯಿ ತುಂಬಿದರು. ಅಕ್ಕ ಮತ್ತೆ ಏನನ್ನೂ ಕಟ್ಟಲಿಲ್ಲ. ಮಣ್ಣಿನಲ್ಲೂ ಇಲ್ಲ, ಬೆಂಕಿಪೊಟ್ಟಣದಲ್ಲೂ ಇಲ್ಲ. ಓದಿದಳು, ಈಗ ಚಾಮರಾಜನಗರದ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ಚೆನ್ನಾಗಿದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ.

ನನ್ನ ಮಗಳ ಹತ್ತಿರ ಈಗ ಅಂಥ ಪೆಟ್ಟಿಗೆಗಳ ರಾಶಿಯೇ ಇದೆ. ಪೆಟ್ಟಿಗೆಯ ಜೊತೆ ಬಂದ, ಕಟ್ಟುವ ರೀತಿ ತೋರಿಸುವ ಒಂದು ಪುಸ್ತಕದ ಮೊದಲ ಪುಟದಲ್ಲಿ ಆ ಆಟಿಕೆಯನ್ನು ರೂಪಿಸಿದವರ ಫೋಟೋ ಇದೆ, ಹೆಸರಿದೆ. ಹೀಗೆ ರೂಪಿಸುವವರಲ್ಲಿ ಇವರದು ಚೆನ್ನ, ಅವರದು ಚೆನ್ನ ಎಂದು ಫೋನಿನಲ್ಲಿ ಜಗಳವಾಡುವ ಮಂದಿ ಇದ್ದಾರೆ, ಮೀಸೆ ನೆರೆತವರು. ಅವರನ್ನು ಯಾರೂ ಬಯ್ಯುವುದಿಲ್ಲ. ಹೋದ ದಸರಾಕ್ಕೆ ನಾವೆಲ್ಲ ಅಮ್ಮನ ಮನೆಯಲ್ಲಿ ಸೇರಿದಾಗ ಅಕ್ಕ ಆ ಪುಟವನ್ನು ಬಹಳ ಹೊತ್ತು ನೋಡಿದಳು. ಫೋಟೋದಲ್ಲಿದ್ದದ್ದು ಒಬ್ಬ ಹೆಂಗಸು, ಹೆಚ್ಚುಕಡಿಮೆ ಅಕ್ಕನ ವಯಸ್ಸು. ಅಕ್ಕ ಪುಸ್ತಕ ಮುಚ್ಚಿ, ಅಂಚು ನೇರಮಾಡಿ, ನನ್ನ ಮಗಳ ಕೈಗೆ ಕೊಟ್ಟಳು.

ಗೊಂಬೆ ಮೆಟ್ಟಿಲ ನಡುವೆ ಸೇತುವೆ ಎಂದಿನಂತೆ ಹೊಳೆಯುತ್ತಿತ್ತು. ಮಗಳು ಅದನ್ನೆತ್ತಿ ಬಿಚ್ಚಲು ನೋಡಿದಳು. "ಅದು ಬರಲ್ಲ ಕಣವ್ವ," ಎಂದರು ಅಮ್ಮ ಹೆಮ್ಮೆಯಿಂದ, "ಎಷ್ಟ್ ವರ್ಷ ಆಯ್ತು, ಒಂದಾದ್ರೂ ಅಲ್ಲಾಡ್ತದಾ ನೋಡು."

ಅಮ್ಮ ಒಳಗೆ ಹೋದ ಮೇಲೆ ನಾನು ಅಕ್ಕನನ್ನು ಕೇಳಿಯೇಬಿಟ್ಟೆ. "ಆ ಕಡೆ ಏನಿತ್ತಕ್ಕ?"

ಅವಳು ಮಗಳ ಕೈಯಿಂದ ಸೇತುವೆಯನ್ನು ತೆಗೆದುಕೊಂಡು, ಎಡಗೈಯೂ ಇರುವ ಆ ಬೆಳ್ಳಿ ಮನುಷ್ಯನನ್ನು ನೋಡಿದಳು.

"ನಂಗೇನ್ ಗೊತ್ತಮ್ಮಿ," ಎಂದಳು. "ಕಿತ್ತಿದ್ರ ತಾನೆ ಗೊತ್ತಾಗ್ತಿದ್ದುದು."