ಮನ್ಯಾಗ ಕಿವಿ ಕಡಿಮಿ ಯಾರಿಗೆ ಐತ್ರಿ?

ಬೆಳಗಿನ ಐದೂವರೆ. ಬೈಲಹೊಂಗಲದ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇನ್ನೂ ಶುರುವಾಗಿಲ್ಲ. ಅದರ ಪಕ್ಕದ ಅಂಗಡಿಯ ಷಟರ್ ಅರ್ಧಕ್ಕೆ ಎತ್ತಿದೆ. ಒಳಗೆ ಸುಂದರವ್ವ ನೆಲದ ಮೇಲೆ ಕೂತು, ಒಂದು ಸ್ಪೀಕರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ್ದಾರೆ. ಹಾಡೇನೂ ಬರುತ್ತಿಲ್ಲ. ತೀರಾ ಸಣ್ಣ ದನಿಯಲ್ಲಿ ಯಾರೋ ಮಾತಾಡುತ್ತಿದ್ದಾರೆ. ಎದುರಿಗೆ ಗಂಡ ಭೀಮಶಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದಾರೆ. ಆಕೆ ಹುಬ್ಬು ಗಂಟಿಕ್ಕಿದರೆ ಸ್ಪೀಕರನ್ನು ಮತ್ತೆ ಬಿಚ್ಚಬೇಕು. ಇವತ್ತು ಗಂಟಿಕ್ಕಲಿಲ್ಲ.

"ಗಿರಣಿ ಚಾಲೂ ಆಗೂದರೊಳಗ ಕೇಳಿ ಮುಗಿಸ್ಬೇಕ್ರಿ. ಆಮ್ಯಾಲ ಏನ್ ಹಚ್ಚಿದ್ರೂ ಬರೇ ಜ್ವಾಳದ ಹಿಟ್ಟ ಕೇಳ್ತೈತಿ," ಎನ್ನುತ್ತ ಸುಂದರವ್ವ ಏಳುತ್ತಾರೆ.

ನಲವತ್ತೇಳು ವರ್ಷದ ಸುಂದರವ್ವ ಮಾಡುವ ಕೆಲಸಕ್ಕೆ ಪೇಟೆಯಲ್ಲಿ ಹೆಸರಿಲ್ಲ. ಮನೆಯಲ್ಲಿ ಹಳೆಯ ಸ್ಪೀಕರ್ ಇರುತ್ತವೆ, ಟೀವಿ ಹೊಸದು ಬರುತ್ತದೆ. ಟೀವಿಯ ಸದ್ದಿಗೆ ಬಲ ತುಂಬಿ ಸ್ಪೀಕರಿಗೆ ಕಳಿಸಲು ನಡುವೆ ಒಂದು ರಿಸೀವರ್ ಬೇಕು. ಯಾವ ಸ್ಪೀಕರಿಗೆ ಯಾವುದು ಒಗ್ಗುತ್ತದೆ ಎಂದು ನೋಡಿ ಕೂಡಿಸುವುದು ಅವರ ಕೆಲಸ. ವಾರಕ್ಕೆ ನಾಲ್ಕೈದು ಮನೆ. ಒಂದು ದಿನ ಸಾಲಹಳ್ಳಿ, ಮರುದಿನ ಎಂ.ಕೆ. ಹುಬ್ಬಳ್ಳಿ.

"ಎಲ್ಲಾರೂ ಮೊದಲ ವ್ಯಾಟ್ ಕೇಳ್ತಾರ್ರಿ. ಸಾವಿರ ಐತೇನು, ಎರಡ ಸಾವಿರ ಐತೇನು. ಸ್ಪೀಕರ್ ಅಂದ್ರ ಕಬ್ಬಿನ ಬಂಡಿ, ರಿಸೀವರ್ ಅಂದ್ರ ಎತ್ತು. ಕೋಡಿಗೆ ಬಣ್ಣ ಹಚ್ಚ್ಯಾರ ಅಂತ ಎತ್ತ ತಂದ್ರ, ಏರಿನ್ಯಾಗ ಮಕ್ಕೋತೈತಿ."

ಈ ವಿದ್ಯೆ ಅವರಿಗೆ ಬಂದದ್ದು ಗಂಡನಿಂದ. ಭೀಮಶಿ ಇಪ್ಪತ್ತೆರಡು ವರ್ಷ ಮದುವೆಗೆ, ಸಭೆಗೆ, ಜಯಂತಿಗೆ ಮೈಕ್ ಸೆಟ್ ಹಚ್ಚಿದವರು. ದೊಡ್ಡ ಪೆಟ್ಟಿಗೆಗಳ ಪಕ್ಕದಲ್ಲಿ ನಿಂತೂ ನಿಂತೂ ಕಿವಿ ಮಂದವಾದವು. ಅದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

"ಕರದ್ರ ಓ ಅನ್ನಂಗಿಲ್ಲ ಅಂತ ಒಂದ ವರ್ಷ ಜಗಳಾಡೇನ್ರಿ. ಏನ್ ಹೇಳಿದ್ರೂ ಹೂಂ, ಹೂಂ. ಕೇಳಿಸವಲ್ದು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ." ಸುಂದರವ್ವ ಗಂಡನ ಕಡೆ ನೋಡುತ್ತಾರೆ. ತುಟಿ ಓದುವುದನ್ನು ಕಲಿತಿರುವ ಭೀಮಶಿ ನಗುತ್ತ, "ಈಗೂ ಬೈಯಾಕ ಹತ್ತ್ಯಾಳಲ್ರಿ?" ಎಂದು ಕೇಳುತ್ತಾರೆ.

ಆಮೇಲೆ ಇಬ್ಬರೂ ಕೆಲಸ ಹಂಚಿಕೊಂಡರು. ಸುಟ್ಟ ಸ್ಪೀಕರಿಗೆ ತಂತಿ ಸುತ್ತುವುದು ಭೀಮಶಿ, ದಿನಕ್ಕೆ ಮೂರು. ಕೇಳಿ ನೋಡುವುದು ಸುಂದರವ್ವ. ಅಂಗಡಿಗೆ ಬಂದವರು ಇವತ್ತಿಗೂ, "ಮೇಸ್ತ್ರಿ ಎಲ್ಲ್ಯದಾರ್ರಿ?" ಎನ್ನುತ್ತಾರೆ. "ನಿಂತಾಳಲ್ರಿ ಎದರಿಗೆ," ಎನ್ನುವುದು ಆಕೆಯ ಉತ್ತರ. ಮೊದಮೊದಲು ದೊಡ್ಡ ಮನೆಗಳಿಗೆ ಹೋದಾಗ ಕೆಲವರು ಸ್ಪೀಕರನ್ನೇ ಅಂಗಳಕ್ಕೆ ತಂದು, ಇಲ್ಲೇ ನೋಡು ಎನ್ನುತ್ತಿದ್ದರು. "ನಾ ಅಂತಿದ್ದೆ, ನೀವು ಕೇಳೂದು ಪಡಸಾಲ್ಯಾಗಲ್ರಿ? ಆವಾಜು ಅಲ್ಲೇ ನೋಡ್ಬೇಕು. ಇಲ್ಲಾಂದ್ರ ನಾ ಬಸ್ ಹತ್ತತೇನಿ." ಬಸ್ ಹತ್ತಿ ಬಂದದ್ದು ಎರಡು ಸಲ. ಎರಡೂ ಮನೆಯವರು ಮತ್ತೆ ಕರೆದಿದ್ದಾರೆ.

ಅವರದೊಂದು ಕಟ್ಟುನಿಟ್ಟಿನ ರೂಢಿಯಿದೆ. ಮನೆಗೆ ಹೋದವರು ಮೊದಲು ಕೇಳುವುದು, "ಮನ್ಯಾಗ ಕಿವಿ ಕಡಿಮಿ ಯಾರಿಗೆ ಐತ್ರಿ?" ರಿಸೀವರ್ ಆರಿಸುವುದು ಆ ಕಿವಿ ಮಂದವಾದವರೇ, ದುಡ್ಡು ಕೊಡುವವರಲ್ಲ. ಎರಡು ರಿಸೀವರ್ ಒಯ್ಯುತ್ತಾರೆ. ಎರಡಕ್ಕೂ ಟವೆಲ್ ಹೊಚ್ಚುತ್ತಾರೆ, ಕಂಪನಿಯ ಹೆಸರು ಕಾಣಬಾರದು, ದೀಪ ಕಾಣಬಾರದು.

ಇವತ್ತು ಹೂಲಿಯ ಪಾಳಿ. ಒಂದೊಂದು ಒಂಬತ್ತು ಕಿಲೋ ತೂಗುವ ರಿಸೀವರ್‌ಗಳನ್ನು ಗಂಡಹೆಂಡತಿ ಆಳಿಗೊಂದರಂತೆ ಹೊತ್ತು, ಸವದತ್ತಿಯಲ್ಲಿ ಬಸ್ ಬದಲಿಸಿ, ಹಳೆಯ ಗುಡಿಗಳ ಹಿಂದಿನ ಓಣಿಯ ಸಂಗಪ್ಪನವರ ಮನೆ ಮುಟ್ಟುವಾಗ ಒಂಬತ್ತೂವರೆ.

ಪಡಸಾಲೆಯಲ್ಲಿ ಸಾಗುವಾನಿಯ ಎರಡು ಪೆಟ್ಟಿಗೆಗಳಿವೆ. ಮೂವತ್ತು ವರ್ಷದ ಹಿಂದೆ ಸಂಗಪ್ಪನವರೇ ಕೂಡಿಸಿದ್ದು. ಅವರ ಹೆಂಡತಿ ಸಿದ್ದಲಿಂಗವ್ವನಿಗೆ ಕಿವಿ ಮಂದ. ಆದರೂ ಈ ಪೆಟ್ಟಿಗೆಗಳಲ್ಲಿ ಬಂದ ಮಾತು ಅವರಿಗೆ ತಿಳಿಯುತ್ತಿತ್ತು. ಸಂಜೆ ಧಾರಾವಾಹಿಯ ಹೊತ್ತಿಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂರುತ್ತಿದ್ದರು. ಹಳೆಯ ಆಂಪ್ಲಿಫೈಯರ್ ಕೆಟ್ಟಿತು. ಮಗ ನಿಂಗರಾಜ ಫೋನಿನಲ್ಲಿ ನೋಡಿ ಸಾವಿರ ವ್ಯಾಟಿನ ರಿಸೀವರ್ ತರಿಸಿದರು. ಅದು ಹತ್ತು ನಿಮಿಷಕ್ಕೊಮ್ಮೆ ಆರುತ್ತದೆ. ಹಾಡು ಗುಡುಗುತ್ತದೆ, ಮಾತು ಮುಳುಗುತ್ತದೆ. ಒಂದು ತಿಂಗಳಿಂದ ಸಿದ್ದಲಿಂಗವ್ವ, "ನೀವ ನೋಡ್ರಿ," ಎಂದು ಅಡುಗೆಮನೆ ಸೇರಿಬಿಟ್ಟಿದ್ದಾರೆ.

"ಸಿನಿಮಾ ಥೇಟರ್‌ಗತೆ ಆವಾಜು ಬ್ಯಾಡ ಅಕ್ಕಾರ," ಎನ್ನುತ್ತಾರೆ ನಿಂಗರಾಜ. "ನಮ್ಮವ್ವ ಬಂದ್ ಕುಂತ್ರ ಸಾಕು."

ಸುಂದರವ್ವ ತಂತಿಯ ಜಾಡು ಹಿಡಿಯುತ್ತಾರೆ. ಅದು ಪೆಟ್ಟಿಗೆಯ ಹಿಂದಿನಿಂದ ಕಿಟಕಿ ದಾಟಿ, ಗೋಡೆಗುಂಟ ಹೋಗಿ, ದನದ ಕೊಟ್ಟಿಗೆಯಲ್ಲಿ ಮೂರನೆಯ ಸ್ಪೀಕರಿಗೆ ಮುಟ್ಟಿದೆ.

"ಇದೇನ್ರಿ ಕಾಕಾರ?"

"ಹಾಲ ಹಿಂಡೂಮುಂದ ಎಮ್ಮಿಗೆ ಹಾಡ ಬೇಕವಾ," ಎನ್ನುತ್ತಾರೆ ಸಂಗಪ್ಪ, ಸ್ವಲ್ಪ ನಾಚಿ. "ಇಲ್ಲಾಂದ್ರ ಒದೀತೈತಿ."

"ಒಂದ ಎತ್ತಿಗೆ ಮೂರ ಬಂಡಿ ಕಟ್ಟೀರಿ. ಹಳೇದು ಗಟ್ಟಿ ಇತ್ತು, ಎಳೀತು. ಇದು ಮಕ್ಕೊಂಡೈತಿ."

"ತಿಂಗಳಿಡೀ ಕಂಪನ್ಯಾವರಿಗೆ ಬೈದೇನ್ರಿ ನಾ," ಎಂದು ನಿಂಗರಾಜ ತಲೆ ಕೆರೆದುಕೊಳ್ಳುತ್ತಾರೆ. "ಎಮ್ಮಿಗೆ ಬೈಯಬೇಕಿತ್ತು."

ಕೊಟ್ಟಿಗೆಯ ತಂತಿ ಬೇರೆಯಾಯಿತು. ಎಮ್ಮೆಗೊಂದು ಸಣ್ಣ ಹಳೆಯ ಆಂಪ್ಲಿಫೈಯರ್ ಕೊಡುವುದೆಂದು ಮಾತಾಯಿತು. ಮೀಟರ್ ಹಚ್ಚಿ ನೋಡಿದರೆ ಸಾಗುವಾನಿಯ ಪೆಟ್ಟಿಗೆಗಳೇ ಹೆಚ್ಚು ಭಾರ ಎಳೆಸುವಂಥವು, ನಿಂಗರಾಜರ ರಿಸೀವರ್ ಅದಕ್ಕೆ ತಕ್ಕದ್ದಲ್ಲ. ಇನ್ನೂ ಒಂದು ತಪ್ಪಿತ್ತು. ಹೊಸ ರಿಸೀವರ್‌ಗಳು ಮಾತನ್ನೆಲ್ಲ ನಡುವಿನ ಒಂದು ಸ್ಪೀಕರಿಗೆ ಕಳಿಸುತ್ತವೆ. ಈ ಮನೆಯಲ್ಲಿ ನಡುವಿನದೇ ಇಲ್ಲ. "ಇಲ್ಲಾ ಅಂತ ಅದಕ್ಕ ನಾವ ಹೇಳ್ಬೇಕ್ರಿ. ಹೇಳದಿದ್ರ ಇಲ್ಲದ ಮನಿಗೆ ಪತ್ರಾ ಹಾಕ್ಕೋತ ಕುಂಡರತೈತಿ." ತಾವು ತಂದ ಎರಡಕ್ಕೂ ಅದನ್ನು ತಿಳಿಸಿ, ಟವೆಲ್ ಹೊಚ್ಚಿ, ಸಿದ್ದಲಿಂಗವ್ವನನ್ನು ಕರೆಯುತ್ತಾರೆ.

ಅವರು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಕೈಯಲ್ಲಿ ಇನ್ನೂ ಸವುಟು. "ನನಗ್ಯಾಕವಾ? ಇವರಿಗೆ ಹಚ್ಚಿ ತೋರಸು."

ಕೇಳಿಸುವುದು ಹಾಡಲ್ಲ. ಸುಂದರವ್ವನ ಮಗಳು ಪ್ರಜ್ಞಾ ಕಿರಾಣಿ ಚೀಟಿ ಓದಿದ ಧ್ವನಿಮುದ್ರಣ. ಮೊದಲ ರಿಸೀವರ್‌ನಲ್ಲಿ ಚೀಟಿ ಪೂರ್ತಿಯಾಯಿತು. ಸಿದ್ದಲಿಂಗವ್ವ ಮುಗುಳ್ನಕ್ಕು, "ಹೂಂ, ಚಲೋ ಐತಿ," ಎಂದರು. ನಿಂಗರಾಜ ಹಿಗ್ಗಿದರು. ಆದರೆ ಆಕೆಯ ಮುಖ ನೋಡುತ್ತಿದ್ದ ಭೀಮಶಿ ಹೆಂಡತಿಗೆ ಇಲ್ಲವೆಂದು ಕೈ ಆಡಿಸಿದರು. ಒಂದು ವರ್ಷ ಹಾಗೆಯೇ ಹೂಂ ಅಂದವರು ಅವರು.

ತಂತಿ ಬದಲಾಯಿತು. ಅದೇ ಚೀಟಿ, ಅದೇ ಸಣ್ಣ ದನಿ. ಸಾಸಿವೆ, ಶೇಂಗಾ, ಸಕ್ಕರೆ, ಜೀರಿಗೆ ಎರಡು ಕಿಲೋ. ಸಿದ್ದಲಿಂಗವ್ವ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. ಮತ್ತೊಂದು ಹೆಜ್ಜೆ.

"ಯಾರಬೇ ಈಕಿ? ಜೀರಗಿ ಎರಡ ಕಿಲೋ ಯಾಕ? ಮನ್ಯಾಗೇನ್ ಮದಿವಿ ಐತೇನು?"

ಸಂಗಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು. ನಿಂಗರಾಜ ಟವೆಲ್ ಸರಿಸಿ ನೋಡಿದರೆ ದೀಪವಿಲ್ಲದ, ಕಡಿಮೆ ವ್ಯಾಟಿನ, ನೋಡಲು ಸಾದಾ ರಿಸೀವರ್. ಯಾರೋ ಟೀವಿ ಹಚ್ಚಿದರು, ನಿನ್ನೆಯ ಧಾರಾವಾಹಿ ಮತ್ತೆ ಬರುತ್ತಿತ್ತು. ಸಿದ್ದಲಿಂಗವ್ವ ಸವುಟನ್ನು ನೆಲಕ್ಕಿಟ್ಟು ಚಾಪೆಯ ಮೇಲೆ ಕೂತರು. "ಸರೀರಿ ಅತ್ಲಾಗ," ಎಂದು ಗಂಡನನ್ನು ಗದರಿದರು. "ತಿಂಗಳ ಆತು, ಈಕಿ ಇನ್ನೂ ಅಳಾಕ ಹತ್ತ್ಯಾಳಲ್ಲ?"

ಸುಂದರವ್ವ ಇನ್ನೊಂದು ರಿಸೀವರನ್ನು ಚೀಲಕ್ಕೆ ಹಾಕಿ, "ಹೋಗಿ ಬರತೇವ್ರಿ," ಎಂದರು. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಹೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಚಪ್ಪಲಿ ಮೆಟ್ಟುತ್ತ ದನಿ ತಗ್ಗಿಸಿ ಹೇಳಿದರು:

"ಒಬ್ಬರೂ ಈ ಕಡೆ ನೋಡ್ಲಿಲ್ಲ ನೋಡ್ರಿ. ಚಾ ಕುಡೀರಿ ಅನ್ನೂದೂ ಮರತ್ರು. ಹಿಂಗಾತಂದ್ರ ಕೆಲಸ ಚಲೋ ಆಗೇತಿ ಅಂತ."