ಖಾರದ ಮರುದಿನದ ಹಿಟ್ಟು

ಹೋದ ಭಾನುವಾರ ಬ್ಯಾಡಗಿ ಮೆಣಸಿನಕಾಯಿ ಹುರಿದು ಮಿಕ್ಸಿಗೆ ಹಾಕಿದ್ದೆ. ಅವಸರಕ್ಕೆ ಮುಚ್ಚಳ ತೆಗೆದೆ ನೋಡಿ, ಖಾರದಪುಡಿ ಹೊಗೆಯ ಹಾಗೆ ಎದ್ದು ಅಡುಗೆಮನೆಯೆಲ್ಲ ತುಂಬಿತು. ನಾನು ಸೀನಿದೆ. ಆಚೆ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಕೆಮ್ಮಿದರು. ಅಡುಗೆಮನೆಯ ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತಿದ್ದ ನಮ್ಮವ್ವ ಮಾತ್ರ ಅಲ್ಲಾಡಲಿಲ್ಲ. ಅವ್ವನಿಗೆ ಮರೆವಿನ ಕಾಯಿಲೆ. ಜಗಳೂರಿನಿಂದ ಚನ್ನಗಿರಿಗೆ ಕರೆತಂದ ಹೊಸದರಲ್ಲಿ ನನ್ನನ್ನು ಯಾರದೋ ಮನೆಯ ಸೊಸೆ ಅಂದುಕೊಂಡು ಬೈಯುತ್ತಿದ್ದಳು; ಈಗ ಆ ಬೈಗುಳವೂ ಇಲ್ಲ, ಮಾತೇ ಇಲ್ಲ. ಆ ಘಾಟು ನನ್ನ ಮೂಗಿಗೆ ಬಡಿದದ್ದೇ ತಡ, ಗಿರಣಿ ಅಕ್ಕ ನೆನಪಿನಿಂದ ಎದ್ದು ಬಂದು ಎದುರು ನಿಂತಳು...

ಗಿರಣಿ ಅಕ್ಕನಿಗೂ ಒಂದು ಹೆಸರಿತ್ತು, ಆದರೆ ನಮ್ಮ ಓಣಿಯಲ್ಲಿ ಆ ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಜಗಳೂರಿನಲ್ಲಿ ನಮ್ಮ ಮನೆಯ ಎದುರು ಸಾಲಿಗೆ ಅವಳ ತಗಡಿನ ಷೆಡ್ಡು, ಒಳಗೆ ಹಿಟ್ಟಿನ ಗಿರಣಿ, ಹಿಂದೆ ಒಂದು ಕೋಣೆಯ ಮನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುವ ಹಾಗೆ, ಎಂಥ ದೊಡ್ಡ ಮನೆಯವರೂ ಡಬ್ಬಿ ಹಿಡಿದು ಅವಳ ಮುಂದೆ ನಿಲ್ಲಲೇಬೇಕಿತ್ತು. ಅವಳ ಕಣ್ಣಿನ ರೆಪ್ಪೆಗೂ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಮಷೀನಿನ ಸದ್ದಿನ ಮೇಲೆ ಕೂಗಿ ಕೂಗಿ ರೂಢಿಯಾಗಿ, ಮಷೀನು ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದಳು. ಈಕೆಗೆ ಗುಟ್ಟು ಹೇಳಿದರೆ ಡಂಗುರ ಹೊಡೆಸುವ ಖರ್ಚು ಉಳಿಯುತ್ತದೆ ಎಂದು ನಮ್ಮಪ್ಪ ನಗಾಡುತ್ತಿದ್ದರು.

ಅವಳ ವಾರಕ್ಕೆ ಕ್ಯಾಲೆಂಡರ್ ಬೇಕಿರಲಿಲ್ಲ. ಸೋಮವಾರ ಗಿರಣಿಗೆ ರಜೆ. ಅವತ್ತು ಕಲ್ಲು ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಹೊಡೆದು ಹರಿತ ಮಾಡುತ್ತಿದ್ದಳು. ಆಮೇಲೆ ಜೋಳ, ರಾಗಿ, ಗೋಧಿ. ಜೋಳದ ಹಿಂದೆ ಜೋಳ, ರಾಗಿಯ ಹಿಂದೆ ರಾಗಿ. ನಡುವೆ ಗೋಧಿ ತಂದವರು ತೆಪ್ಪಗೆ ಕಾಯಬೇಕು. ಗುರುವಾರ ಖಾರದ ದಿನ, ಓಣಿಯ ತುಂಬ ಸೀನು. ಶುಕ್ರವಾರ ಬೆಳಗ್ಗೆ ಮೊದಲು ಒಂದಿಷ್ಟು ಹುಳುಕು ಜೋಳ ಸುರಿದು ಮಷೀನು ಓಡಿಸಿ, ಕಲ್ಲಿಗೆ ಅಂಟಿದ ಖಾರವೆಲ್ಲ ಆ ಹಿಟ್ಟಿನ ಜೊತೆ ಹೊರಗೆ ಬಂದ ಮೇಲೆ, ಅದನ್ನು ಚೆಲ್ಲಿಯೇ ಜನರ ಜೋಳಕ್ಕೆ ಕೈಹಾಕುವುದು. ಇರುವುದು ಒಂದೇ ಕಲ್ಲು, ಇದು ತಪ್ಪಿದರೆ ರೊಟ್ಟಿಯೆಲ್ಲ ಖಾರ.

ಕರೆಂಟು ಹೋದರೆ ಊರೆಲ್ಲ ಬೈಯುತ್ತಿತ್ತು, ಅವಳೊಬ್ಬಳಿಗೆ ಹಬ್ಬ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಗಾಜಿನ ಲೋಟದಲ್ಲಿ ಚಾ ಹಿಡಿದು, ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಓಣಿಯನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದಳು. ಸಂತೆಯ ದಿನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. "ವಾರಕ್ಕೆ ಒಂದು ಖುಷಿ ಇದ್ರೆ ಸಾಕು ಕಣಮ್ಮ, ಎರಡು ಬಂದ್ರೆ ಇಡಾಕೆ ಜಾಗ ಎಲ್ಲೈತೆ ನಮ್ಮನೇಲಿ?" ಅನ್ನುತ್ತಿದ್ದಳು. ಆ ಒಂದು ಖುಷಿ ಯಾವುದೆಂದು ಓಣಿಗೆಲ್ಲ ಗೊತ್ತಿತ್ತು. ಅದು ಶುಕ್ರವಾರದ ಮೊದಲ ಹಿಟ್ಟು.

ಅವಳ ಗಂಡನನ್ನು ನಾವು ಭಾವ ಅನ್ನುತ್ತಿದ್ದೆವು. ಗಿರಣಿ ಹಾಕಿದವನು ಅವನೇ. ಲಕ್ವ ಹೊಡೆದು ಹಿಂದಿನ ಕೋಣೆಯ ಮಂಚ ಹಿಡಿದ ಮೇಲೆ ಮಾತು ಹೋಯಿತು, ಮೈ ಹೋಯಿತು, ಬಲಗೈಯ ಬೆರಳಲ್ಲಿ ಮಾತ್ರ ಚೂರು ಚಲನೆ ಉಳಿದಿತ್ತು. ಗಿರಣಿಯವರು ಹಿಟ್ಟನ್ನು ಕಣ್ಣಲ್ಲಿ ನೋಡುವುದಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಾಕಿ ತಿಕ್ಕುತ್ತಾರೆ, ಸಣ್ಣಗಿದೆಯೋ ತರಿತರಿಯೋ ಬೆರಳೇ ಹೇಳುತ್ತದೆ. ಪ್ರತಿ ಶುಕ್ರವಾರ ಸ್ವಚ್ಛ ಮಾಡಿದ ಕಲ್ಲಿನಿಂದ ಬಂದ ಮೊದಲ ಬಿಸಿ ಹಿಟ್ಟನ್ನು ಅಕ್ಕ ಹಿಡಿಯಲ್ಲಿ ಒಯ್ದು ಅವನ ಅಂಗೈಗೆ ಹಾಕುತ್ತಿದ್ದಳು. ಅವನು ನಿಧಾನ ತಿಕ್ಕುತ್ತಿದ್ದ. ಕೈಯಲ್ಲೇ ಹಿಡಿದರೆ ಹದ ಸರಿ, ಚೆಲ್ಲಿದರೆ ಕಲ್ಲು ಇನ್ನಷ್ಟು ಬಿಗಿಸಬೇಕು. "ಯಜಮಾನ್ರು ಪಾಸ್ ಮಾಡಿದ್ರು!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು, ನಾವೆಲ್ಲ ಡಬ್ಬಿ ಮುಂದೆ ಸರಿಸುತ್ತಿದ್ದೆವು.

ಬರಬರುತ್ತ ಆ ಬೆರಳೂ ನಿಂತಿತು. ಹಿಟ್ಟು ಅಂಗೈಯಲ್ಲಿ ಹಾಕಿದ ಹಾಗೇ ಇರುತ್ತಿತ್ತು. ಕಣ್ಣು ತೆರೆದಿರುತ್ತಿತ್ತು, ಯಾರನ್ನೂ ನೋಡುತ್ತಿರಲಿಲ್ಲ. ಅಕ್ಕ ಆದರೂ ಒಯ್ಯುತ್ತಿದ್ದಳು. ಒಳಗಿಂದ ಕೂಗು ಮಾತ್ರ ಬರುತ್ತಿರಲಿಲ್ಲ.

ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವಳ ತಮ್ಮ ಒಂದು ಗುರುವಾರ ಸಂಜೆ ಬಸ್ಸು ಬದಲಿಸಿಕೊಂಡು ಬಂದ. ಒಳ್ಳೆಯವನೇ. ಗಿರಣಿ ಮಾರಿ ಇಬ್ಬರೂ ನ್ಯಾಮತಿಗೆ ಬನ್ನಿ, ಹೊನ್ನಾಳಿಯವರೊಬ್ಬರು ಮಷೀನು ನೋಡಲು ತಯಾರಿದ್ದಾರೆ ಎಂದ. ಖಾರದ ಘಾಟಿನಲ್ಲೇ ಮೆಟ್ಟಿಲ ಮೇಲೆ ಕೂತು ಅಕ್ಕ ತಮ್ಮ ಮಾತಾಡಿದ್ದನ್ನು ಓಣಿಯೆಲ್ಲ ಕೇಳಿತು, ಅವಳ ದನಿಯೇ ಹಾಗಿತ್ತಲ್ಲ.

"ಈ ಮಷೀನಿನ ಸದ್ದು ಕೇಳದಿದ್ರೆ ನಿಮ್ಮ ಭಾವಂಗೆ ನಿದ್ದೆ ಬರಂಗಿಲ್ಲಪ್ಪ."

"ಅಕ್ಕ, ಭಾವಂಗೆ ಈಗ ಏನೂ ಗೊತ್ತಾಗಂಗಿಲ್ಲ. ಇಲ್ಲಿದ್ರೂ ಒಂದೇ, ಅಲ್ಲಿದ್ರೂ ಒಂದೇ. ನೀನಾದ್ರೂ ಬದುಕಬೇಕಲ್ಲ."

ಅವಳು ಹಿಂದಿನ ಕೋಣೆಯ ಕಡೆ ತಿರುಗಿ ನೋಡಿದಳು. "ಗೊತ್ತಾಗಂಗಿದ್ರೆ ನಾ ಬರ್ತಿರಲಿಲ್ಲ" ಎಂದಳು ಕೊನೆಗೆ. ಒಪ್ಪಿಕೊಂಡ ಹಾಗೆಯೇ ಅದು.

ಮರುದಿನ ಶಾಲೆಗೆ ಹೋಗುವ ಮುಂಚೆ ಜೋಳದ ಡಬ್ಬಿ ಹಿಡಿದು ನಿಂತವರಲ್ಲಿ ನಾನೂ ಇದ್ದೆ. ರಾತ್ರಿ ಅತ್ತಿರಬೇಕು, ಅಕ್ಕನ ಮುಖ ಊದಿತ್ತು. ಮಷೀನು ಹಾಕಿದಳು, ಸೀದಾ ನಮ್ಮ ಜೋಳವನ್ನೇ ಸುರಿದಳು. ಹುಳುಕು ಜೋಳದ ನೆನಪು ಅವಳಿಗೂ ಬರಲಿಲ್ಲ, ನಿಂತ ನಮಗೂ ಬರಲಿಲ್ಲ. ಮೊದಲ ಹಿಟ್ಟು ಹಿಡಿಯಲ್ಲಿ ಹಿಡಿದು ಒಳಗೆ ಹೋದಳು. ಬಾಗಿಲು ತೆರೆದಿದ್ದರಿಂದ ನನಗೆ ಕಾಣುತ್ತಿತ್ತು. ಅವನ ಅಂಗೈಗೆ ಹಾಕಿದಳು, ಕಾದಳು. ಏನೂ ಇಲ್ಲ. ಅದೇ ಹಿಟ್ಟಿನ ಕೈಯಿಂದ ಅವನ ಹಣೆ, ಕೆನ್ನೆ, ಕಣ್ಣು ಸವರಿದಳು. ವಿದಾಯ ಹೇಳುವ ಹಾಗಿತ್ತು ಅದು. ಸ್ವಲ್ಪ ಹೊತ್ತಿಗೆ ಭಾವನ ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ಅಳ್ತಾರೆ! ಬರ್ರೇ ಬರ್ರೀ, ಅಳ್ತಾರೆ ನೋಡ್ರೀ! ಗೊತ್ತಾಗೈತೆ ಅವ್ರಿಗೆ!"

ಓಣಿಯೆಲ್ಲ ಓಡಿ ಬಂತು. ತಮ್ಮನೂ ಕಣ್ಣೊರೆಸಿಕೊಂಡ. ಹೊನ್ನಾಳಿಯವರಿಗೆ ಬರುವುದು ಬೇಡ ಎಂದು ಹೇಳುತ್ತೇನೆ ಎಂದು ಆ ಮಧ್ಯಾಹ್ನದ ಬಸ್ಸಿಗೇ ಹೋದ.

ಮಧ್ಯಾಹ್ನ ಅಪ್ಪ ರೊಟ್ಟಿ ಮುರಿದು ಬಾಯಿಗಿಟ್ಟು, "ಏನೇ ಇದು, ಜೋಳದಾಗೆ ಖಾರ?" ಅಂದರು. ಅವ್ವ ಒಂದು ಚೂರು ತಿಂದು ನೋಡಿ ಎದುರು ಮನೆಯ ಕಡೆ ತಿರುಗಿದಳು. ಅಲ್ಲಿ ಅಕ್ಕ ತಲೆಸ್ನಾನ ಮಾಡಿ, ಹೂ ಮುಡಿದು, ಗಂಡನ ಮಂಚವನ್ನು ಗಿರಣಿ ಕಾಣುವ ಹಾಗೆ ತಿರುಗಿಸುತ್ತಿದ್ದಳು. ಸಂಜೆ ನಲ್ಲಿಯ ಹತ್ತಿರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಮನೆಯಲ್ಲೂ ಅವತ್ತು ರೊಟ್ಟಿ ಖಾರ. ಎಲ್ಲರೂ ಮೊಸರು ಸುರಿದುಕೊಂಡು ತಿಂದಿದ್ದರು; ಒಬ್ಬರೂ ಹಿಟ್ಟು ವಾಪಸು ತರಲಿಲ್ಲ.

ಅವ್ವನಿಗೆ ಮಾತ್ರ ಅದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಇಲ್ಲದ ಆಸೆ ಹಿಡಿದು ಅಕ್ಕ ಗಿರಣಿ ಉಳಿಸಿಕೊಂಡರೆ ಒಬ್ಬಳೇ ಸವೆಯುತ್ತಾಳೆ ಎನ್ನುವ ಚಿಂತೆ ಅವಳಿಗೆ. ಎರಡು ಮೂರು ದಿನ ಒದ್ದಾಡಿ ನನ್ನನ್ನೂ ಕರೆದುಕೊಂಡು ಹೋದಳು. ಸೋಮವಾರ, ಅಕ್ಕ ಕಲ್ಲು ಹೊಡೆಯುತ್ತಿದ್ದಳು, ಗುನುಗುತ್ತಿದ್ದಳು ಕೂಡ.

"ತಂಗಿ, ಒಂದು ಮಾತು ಹೇಳಾಕೆ ಬಂದೆ. ಬೇಜಾರು ಮಾಡ್ಕಬ್ಯಾಡ. ಅವತ್ತಿನ ಹಿಟ್ಟು..."

"ಖಾರ ಇತ್ತು." ಅಕ್ಕ ಉಳಿ ಕೆಳಗಿಟ್ಟಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನೀವೆಲ್ಲ ಹೋದ ಮ್ಯಾಲೆ ನಾಲಿಗೆ ಮ್ಯಾಲೆ ಇಟ್ಕಂಡು ನೋಡಿದೆ ಕಣಕ್ಕ. ನನಗೆ ಗೊತ್ತೈತೆ."

"ಮತ್ತೆ ಹೊನ್ನಾಳಿಯೋರಿಗೆ ಬರ್ರಿ ಅಂತ ಯಾಕೆ ಹೇಳಿ ಕಳಸ್ಲಿಲ್ಲ?"

"ಖಾರಕ್ಕಾದ್ರೂ ಕಣ್ಣಾಗೆ ನೀರು ಬಂತಲ್ಲಕ್ಕ. ಇದೊಂದು ವಾರ ಹಿಂಗೇ ಇರ್ತೀನಿ, ಬಿಡ್ರಿ. ನಮ್ಮನೇಲಿ ಖುಷಿ ಬಂದು ಭಾಳ ದಿನ ಆಗಿತ್ತು."

ಅವ್ವ ಅವಳ ಪಕ್ಕ ಕೂತಳು. ಅಕ್ಕ ಇಬ್ಬರಿಗೂ ಚಾ ಮಾಡಿದಳು. ಆ ವಾರವೆಲ್ಲ ಅವಳು ನಗುನಗುತ್ತಲೇ ಇದ್ದಳು, ಸುಳ್ಳು ನಗು ಅನ್ನಿಸಲಿಲ್ಲ ನನಗೆ. ಗಂಡನಿಗೆ ಗಡ್ಡ ಹೆರೆದಳು, ಸಂತೆಯಿಂದ ಬಜ್ಜಿ ತಂದು ಓಣಿಯ ಮಕ್ಕಳಿಗೆಲ್ಲ ಹಂಚಿದಳು. ಬಂದ ಶುಕ್ರವಾರ ಹುಳುಕು ಜೋಳ ಎರಡು ಸಲ ಓಡಿಸಿ, ಕಲ್ಲು ಚೊಕ್ಕ ಮಾಡಿ, ಮೊದಲ ಹಿಟ್ಟು ಒಯ್ದು ಅವನ ಅಂಗೈಗೆ ಹಾಕಿದಳು. ನಾವೆಲ್ಲ ಬಾಗಿಲಲ್ಲಿ ಇಣುಕಿ ನಿಂತಿದ್ದೆವು. ಭಾವ ಸೂರು ನೋಡುತ್ತ ಮಲಗಿದ್ದ. ತುಂಬ ಹೊತ್ತು ಕಾದು, ಅಕ್ಕ ಅವನ ಬೆರಳನ್ನು ತನ್ನ ಬೆರಳಲ್ಲಿ ಹಿಡಿದು ತಾನೇ ತಿಕ್ಕಿಸಿದಳು. "ಸಣ್ಣಗೈತೆ ಅಂತಾರೆ" ಎಂದಳು ನಮಗೆ. ಕೂಗಲಿಲ್ಲ. ನಾವು ಡಬ್ಬಿ ಮುಂದೆ ಸರಿಸಿದೆವು.

ಆ ಚಳಿಗಾಲ ಭಾವ ಹೋದ. ಮಷೀನು ಹೊನ್ನಾಳಿಗೆ ಹೋಯಿತು, ಅಕ್ಕ ನ್ಯಾಮತಿಗೆ. ಮದುವೆಯಾದ ಮೇಲೆ ಒಮ್ಮೆ ನ್ಯಾಮತಿಗೆ ಹೋದಾಗ ಅವಳನ್ನು ನೋಡಿದೆ. ತಮ್ಮನ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು; ಹಿಟ್ಟಿಲ್ಲದ ಅವಳ ಮುಖ ಗುರುತು ಹಿಡಿಯುವುದೇ ಕಷ್ಟವಾಯಿತು. ಊಟಕ್ಕೆ, ಬಟ್ಟೆಗೆ ಏನೂ ಕಮ್ಮಿ ಇಲ್ಲ ಅಂದಳು. "ಇಲ್ಲಿ ಎಲ್ಲ ದಿನಾನೂ ಒಂದೇ ತರ ಕಣಮ್ಮ" ಅಂದಳು. ಮಾತಾಡುವಷ್ಟು ಹೊತ್ತೂ ಅವಳ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಲೇ ಇತ್ತು. ನಡುವೆ ಏನೂ ಇರಲಿಲ್ಲ. ಈಗ ಅವಳೂ ಇಲ್ಲ. ಸತ್ತ ಸುದ್ದಿ ತಿಂಗಳುಗಟ್ಟಲೆ ತಡವಾಗಿ ಬಂತು; ಅವ್ವನಿಗೆ ಹೇಳಿದರೆ, ಯಾವ ಅಕ್ಕ ಎಂದೂ ಕೇಳಲಿಲ್ಲ...

ಹೋದ ಭಾನುವಾರ, ಆ ಘಾಟಿನ ನಡುವೆ, ಕಣ್ಣುಜ್ಜಿಕೊಂಡು ಅವ್ವನ ಕಡೆ ತಿರುಗಿದೆ. ಅವ್ವನ ಎರಡೂ ಕಣ್ಣು ತುಂಬಿ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಇಷ್ಟೆಲ್ಲ ಕಂಡವಳು ನಾನು. ಆದರೂ ಬಾಯಿಂದ ಬಂದದ್ದು ಅದೇ.

"ರೀ, ಬರ್ರಿ ಇಲ್ಲಿ! ಅವ್ವ ಅಳ್ತಾಳೆ!"

ಅವರು ಬಂದರು, ಸೀನಿದರು. "ಖಾರ ಕಣೇ. ಮೊದ್ಲು ಕಿಟಕಿ ತೆಗಿ."

ಕಿಟಕಿಯ ಹತ್ತಿರ ಹೋದೆ. ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ, ಅವ್ವನನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಅವರು ಇನ್ನೊಮ್ಮೆ ಕೂಗಿದ ಮೇಲೆ ತೆಗೆದೆ. ಗಾಳಿ ಬಂತು. ಅವ್ವನ ಕಣ್ಣು ಒಣಗಿತು.