ಲಂಡನ್ ಬ್ಯಾಂಡಿಗೆ ಮಲ್ಲಪ್ಪ ಕಾಕಾನ ಆಯೇರಿ

ಗೆಳೆಯರೇ, ಇವತ್ತು ಬಂದೇ ಬಿಟ್ಟರು. ಅರವತ್ತರ ದಶಕದಲ್ಲಿ ನಮಗೆ ಹುಚ್ಚು ಹಿಡಿಸಿ ಆಮೇಲೆ ಒಡೆದುಹೋಗಿದ್ದ ಲಂಡನ್ನಿನ ಆ ರಾಕ್ ಬ್ಯಾಂಡ್ ಮತ್ತೆ ಒಂದಾಗಿ, ಸಂಜೆ ಅಲ್ಲಿನ ವೇದಿಕೆಯಿಂದ ನೇರವಾಗಿ ರೇಡಿಯೋದಲ್ಲಿ ಹಳೆಯ ಹಾಡುಗಳನ್ನು ಹಾಡಿತು. ಸಿಂದಗಿಯ ಚಹಾದಂಗಡಿಯಲ್ಲಿ ಕಿವಿ ಹಚ್ಚಿ ಕೂತಿದ್ದೆ. ನನ್ನ ಪ್ರೀತಿಯ ಹಾಡು ಬರುವ ಮೊದಲೇ ಅವರು ವಂದನೆ ಹೇಳಿ ವೇದಿಕೆ ಇಳಿದರು.

"ಮುಗೀತಲ್ಲ, ಹತ್ತಿ ಧಾರಣಿ ಹಚ್ಚತೇನಿ," ಎಂದು ಅಂಗಡಿಯ ಚನ್ನಪ್ಪ ರೇಡಿಯೋದ ಗುಂಡಿಗೆ ಕೈ ಹಾಕಿದ.

ಕಂಪನಿ ನಾಟಕ ಒಂದನ್ನೂ ಬಿಡದ ಮಲ್ಲಪ್ಪ ಕಾಕಾ ಆ ಕೈ ಹಿಡಿದರು. "ತಡಿಯೋ. ಒನ್ಸ್ ಮೋರ್ ಅನ್ನದ ಹೆಂಗ ಬಿಡ್ತಿ?" ಎಂದವರೇ ರೇಡಿಯೋಕ್ಕೆ ಬಾಯಿ ಹಚ್ಚಿ "ಒನ್ಸ್ ಮೋರ್" ಎಂದು ಕೂಗಿದರು. ಅತ್ತ ಲಂಡನ್ನಿನ ಜನವೂ ಕೂಗಿತು. ಬ್ಯಾಂಡ್ ಮರಳಿ ಬಂತು, ನನ್ನದೇ ಹಾಡು ಹಾಡಿತು. ನಾನು ಬೆಂಚಿನ ಮೇಲೆ ನಿಂತುಬಿಟ್ಟಿದ್ದೆ.

"ಕಲಾವಿದ್ರು ಅಂದ್ರ ಹಿಂಗಿರಬೇಕು," ಎಂದ ಕಾಕಾ, ನಾಟಕದಲ್ಲಿ ಮೆಚ್ಚಿದ ನಟರ ಅಂಗಿಗೆ ಆಯೇರಿಯ ನೋಟು ಚುಚ್ಚುವಂತೆ, ರೂಪಾಯಿ ನೋಟೊಂದನ್ನು ರೇಡಿಯೋದ ಮುಂದಿನ ಬಟ್ಟೆಗೆ ಪಿನ್ನಿನಿಂದ ಚುಚ್ಚಿದರು.

ಹಾಡು ಮುಗಿಯಿತು, ಧಾರಣೆಯೂ ಮುಗಿಯಿತು. ಚನ್ನಪ್ಪ ಬಾಗಿಲು ಹಾಕಲು ನಿಂತಿದ್ದಾನೆ, ಕಾಕಾ ಏಳುತ್ತಿಲ್ಲ.

"ಆಯೇರಿ ಮಾಡಿದವರ ಹೆಸರ ಮೈಕಿನ್ಯಾಗ ಒದರಬೇಕೋ ಬ್ಯಾಡೋ? ಅವ್ರು ಇನ್ನೂ ಒದರಿಲ್ಲ."